"ಯಾರೋ ಒಳಗೆ ನುಗ್ತಿದ್ದಾರಂತೆ": ಒಂದು ಆಂಟಿವೈರಸ್ಸಿನ ಅಲರ್ಟುಗಳ ಜೊತೆ ಒಂದು ವರ್ಷ

ಫೋನು ಬಂದದ್ದು ನಾನು ಊಟಕ್ಕೆ ಕೂತಾಗ. "ಸಾರ್, ಸ್ವಲ್ಪ ಬರ್ತೀರಾ? ಕಂಪ್ಯೂಟರಿಗೆ ಯಾರೋ ಒಳಗೆ ನುಗ್ತಿದ್ದಾರಂತೆ. ಆಂಟಿವೈರಸ್ಸು ಹೇಳ್ತಿದೆ." ಅರ್ಧ ಊಟ ಬಿಟ್ಟು ಗಾಡಿ ಹತ್ತಿ ಹೋದೆ. ಹೋಗಿ ನೋಡಿದರೆ ನುಗ್ಗುತ್ತಿದ್ದದ್ದು ಪಕ್ಕದ ಟೇಬಲ್ಲಿನ ಝೆರಾಕ್ಸ್ ಮಷೀನು.

ಇದು ಹೋದ ವರ್ಷದ ಮಾತು. ನನ್ನದು ಶಿವಮೊಗ್ಗದಲ್ಲಿ ಕಂಪ್ಯೂಟರ್ ಸರ್ವೀಸ್ ಕೆಲಸ. ಹತ್ತು ಹನ್ನೆರಡು ಸಣ್ಣ ಆಫೀಸು ನೋಡಿಕೊಳ್ಳುತ್ತೇನೆ. ಅದರಲ್ಲಿ ಒಂದು ನನ್ನ ಭಾವನ ಟ್ಯಾಕ್ಸ್ ಆಫೀಸು. ಐದು ಮಷೀನು, ಒಂದು ದೊಡ್ಡ ಝೆರಾಕ್ಸ್ ಕಮ್ ಪ್ರಿಂಟರ್ ಕಮ್ ಸ್ಕ್ಯಾನರ್, ಲೆಕ್ಕ ಬರೆಯುವ ಟ್ಯಾಲಿ, ಜಿಎಸ್‌ಟಿ, ಮಧ್ಯೆ ಮಧ್ಯೆ ಕನ್ನಡ ಟೈಪಿಂಗ್. ಅಲ್ಲಿಗೆ ದುಡ್ಡು ಕೊಟ್ಟು ಒಂದು ಆಂಟಿವೈರಸ್ ಹಾಕಿಸಿ ಈಗ ಒಂದು ವರ್ಷ ಆಯಿತು. ರಿನ್ಯೂವಲ್ ಬಂದಿದೆ, ಮಾಡಿಸಬೇಕೋ ಬೇಡವೋ ಅಂತ ಭಾವ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಉದ್ದ ಮಾಡಿ ಬರೆಯುತ್ತಿದ್ದೇನೆ. ಆಂಟಿವೈರಸ್ಸಿನ ಹೆಸರು ಹೇಳುವುದಿಲ್ಲ. ಬೇರೆ ಆಫೀಸುಗಳಲ್ಲಿ ಬೇರೆ ಕಂಪನಿಯವೂ ನೋಡಿದ್ದೇನೆ, ಈ ಒಂದು ವಿಷಯದಲ್ಲಿ ಎಲ್ಲ ಒಂದೇ ಬಳ್ಳಿಯ ಕಾಯಿ.

ವೈರಸ್ ಹಿಡಿಯುವ ಬಗ್ಗೆ ನನಗೆ ದೂರಿಲ್ಲ. ಪೆನ್‌ಡ್ರೈವ್ ಹಾಕಿದರೆ ನೋಡುತ್ತದೆ, ಮೇಲ್ ಅಟ್ಯಾಚ್‌ಮೆಂಟ್ ನೋಡುತ್ತದೆ, ಮಷೀನು ವಿಪರೀತ ನಿಧಾನವೂ ಆಗಿಲ್ಲ. ನಾನು ಹೇಳಹೊರಟಿರುವುದು ಅದರೊಳಗಿನ ಇಂಟ್ರೂಷನ್ ಪ್ರಿವೆನ್ಷನ್ ಅನ್ನುವ ಭಾಗದ ಬಗ್ಗೆ, ಅದಕ್ಕಿಂತ ಜಾಸ್ತಿ ಆ ಭಾಗ ಸ್ಕ್ರೀನಿನ ಬಲಗಡೆ ಮೂಲೆಯಲ್ಲಿ ಎಬ್ಬಿಸುವ ಕೆಂಪು ಡಬ್ಬಿಯ ಬಗ್ಗೆ.

ಮೊದಲು ಅದು ಏನು ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. ನಮ್ಮ ಕಡೆ ಘಟ್ಟದ ರಸ್ತೆಯಲ್ಲಿ ಫಾರೆಸ್ಟ್ ಗೇಟ್ ಇರುತ್ತದಲ್ಲ, ಫೈರ್‌ವಾಲ್ ಅಂದರೆ ಆ ಗೇಟು. ಈ ದಾರಿ ತೆರೆದಿದೆ, ಆ ದಾರಿ ಮುಚ್ಚಿದೆ, ಅಷ್ಟೇ ಅದರ ಲೆಕ್ಕ. ಇಂಟ್ರೂಷನ್ ಪ್ರಿವೆನ್ಷನ್ ಅಂದರೆ ಲಾರಿಯ ಟಾರ್ಪಾಲು ಎತ್ತಿ ನೋಡುವ ಗಾರ್ಡು. ಮೇಲೆ ಹುಲ್ಲು, ಕೆಳಗೆ ಬೀಟೆ ನಾಟಾ ಇದೆಯಾ ಅಂತ ನೋಡುವುದು ಅವನ ಕೆಲಸ. ಅವನ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ, ಇಂಥಿಂಥ ದಾಳಿ ಬಂದರೆ ಡೇಟಾ ಇಂಥ ರೂಪದಲ್ಲಿ ಇರುತ್ತದೆ ಅಂತ. ಅದಕ್ಕೆ ಸಿಗ್ನೇಚರ್ ಅನ್ನುತ್ತಾರೆ. ಹೊಂದಿಕೆಯಾದರೆ ಲಾರಿಯನ್ನು ಅಲ್ಲೇ ನಿಲ್ಲಿಸುತ್ತಾನೆ. ಸೀಲ್ ಹಾಕಿದ ಕಂಟೇನರ್ ಬಂದರೆ ಮಾತ್ರ ಅವನಿಗೂ ಒಳಗೆ ಕಾಣುವುದಿಲ್ಲ. ಈಗ ಹೆಚ್ಚುಕಡಿಮೆ ಎಲ್ಲ ವೆಬ್‌ಸೈಟೂ ಎಚ್‌ಟಿಟಿಪಿಎಸ್, ಅಂದರೆ ಸೀಲ್ ಆದದ್ದೇ. ಆಂಟಿವೈರಸ್ಸು ಮಧ್ಯೆ ತನ್ನದೇ ಸರ್ಟಿಫಿಕೇಟ್ ತೂರಿಸಿ ಸೀಲ್ ಒಡೆದು ನೋಡುವ ದಾರಿಯೂ ಉಂಟು, ಆದರೆ ಬ್ಯಾಂಕು, ಟ್ಯಾಕ್ಸು ಅಂತ ಕೆಲಸ ಮಾಡುವ ಕಡೆ ನಾನು ಅದನ್ನು ಆನ್ ಮಾಡುವುದಿಲ್ಲ.

ಹಾಗಾದರೆ ಇದು ಬೇಕಾ? ಬೇಕು. 2017ರ ಮೇ 12ರಂದು ವನ್ನಾಕ್ರೈ ಬಂತಲ್ಲ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ಸು, ಅದು ಒಂದು ಮಷೀನಿನಿಂದ ಇನ್ನೊಂದಕ್ಕೆ ಹಾರಲು ಯಾರೂ ಯಾವ ಫೈಲನ್ನೂ ತೆರೆಯಬೇಕಿರಲಿಲ್ಲ. ವಿಂಡೋಸಿನ ಫೈಲ್ ಶೇರಿಂಗಿನಲ್ಲಿ ಒಂದು ತೂತಿತ್ತು, 445ನೇ ಪೋರ್ಟಿನಿಂದ, ಅಂದರೆ ಮಷೀನಿನ ಆ ನಂಬರಿನ ಬಾಗಿಲಿನಿಂದ, ಸೀದಾ ಒಳಗೆ. ಮೈಕ್ರೋಸಾಫ್ಟ್ ಅದಕ್ಕೆ ಮಾರ್ಚ್ 14ಕ್ಕೇ ಪ್ಯಾಚ್ ಕೊಟ್ಟಿತ್ತು, ಸುಮಾರು ಎರಡು ತಿಂಗಳು ಮೊದಲೇ. ಹಾಕಿಕೊಳ್ಳದವರು ಸಿಕ್ಕಿಬಿದ್ದರು, 150ಕ್ಕೂ ಜಾಸ್ತಿ ದೇಶಗಳಲ್ಲಿ. ಇಂಥದ್ದು ಬಂದಾಗ ಫೈಲು ಸ್ಕ್ಯಾನ್ ಮಾಡುತ್ತಾ ಕೂತರೆ ಹೊತ್ತು ಮೀರಿರುತ್ತದೆ, ತಂತಿಯಲ್ಲಿ ಬರುವಾಗಲೇ ಹಿಡಿಯಬೇಕು. ಪ್ಯಾಚ್ ಹಾಕದ ಮಷೀನಿಗೂ ಈ ಗಾರ್ಡು ಒಂದು ಆಸರೆ. ಅದಕ್ಕೇ ನಾನು ಭಾವನ ಆಫೀಸಿಗೆ ಇದನ್ನು ಹಾಕಿಸಿದ್ದು.

ಈಗ ಆ ಕೆಂಪು ಡಬ್ಬಿಗೆ ಬರೋಣ. ಅದರಲ್ಲಿ ಇರುವುದು ಇಷ್ಟು. ಮೇಲೆ ದಪ್ಪಕ್ಷರದಲ್ಲಿ "ಇಂಟ್ರೂಷನ್ ಅಟೆಂಪ್ಟ್ ಬ್ಲಾಕ್ಡ್". ಕೆಳಗೆ ಒಂದು ಉದ್ದದ ಹೆಸರು, ಅದು ಸಿಗ್ನೇಚರಿನ ಹೆಸರು, ಕಂಪನಿಯವರಿಗೆ ಬಿಟ್ಟರೆ ಯಾರಿಗೂ ಅರ್ಥ ಆಗುವುದಿಲ್ಲ. ಅದರ ಕೆಳಗೆ "ನೋ ಆ್ಯಕ್ಷನ್ ರಿಕ್ವೈರ್ಡ್". ಎರಡು ಬಟನ್ನು, ಡೀಟೇಲ್ಸ್ ಮತ್ತು ಓಕೆ. ಸುಮಾರು ಏಳೆಂಟು ಸೆಕೆಂಡ್ ಇದ್ದು ತಾನೇ ಮಾಯ. ಅಷ್ಟರಲ್ಲಿ ಅಕ್ಕ ಕನ್ನಡಕ ಹಾಕಿಕೊಂಡು ಓದಬೇಕು.

ಅಕ್ಕ ಅಂದರೆ ಆ ಆಫೀಸಿನಲ್ಲಿ ಹದಿನೈದು ವರ್ಷದಿಂದ ಇರುವವರು. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವರು, ಹಾಗಾಗಿ ಎಲ್ಲರೂ ಅಕ್ಕ ಅಂತಲೇ ಕರೆಯುವುದು. ಟ್ಯಾಲಿಯಲ್ಲಿ ಅವರ ಬೆರಳು ಓಡುವುದು ನೋಡಿದರೆ ನಮಗೆಲ್ಲ ನಾಚಿಕೆ ಆಗಬೇಕು. ಇಂಗ್ಲಿಷೂ ಬೇಕಾದಷ್ಟು ಬರುತ್ತದೆ. ಆದರೂ ಆ ಡಬ್ಬಿ ಓದಿ ಅವರು ತೆಗೆದುಕೊಂಡ ಅರ್ಥ ಏನು? ಯಾರೋ ಒಳಗೆ ನುಗ್ಗುತ್ತಿದ್ದಾರೆ. ಏನೂ ಮಾಡಬೇಕಿಲ್ಲ. ಈ ಎರಡು ವಾಕ್ಯ ಒಟ್ಟಿಗೆ ಇಟ್ಟು ನೋಡಿ. ಮನೆಗೆ ಕಳ್ಳ ಬಂದಿದ್ದಾನೆ, ನೀವು ಆರಾಮಾಗಿ ಕೂತುಕೊಳ್ಳಿ ಅಂದರೆ ಯಾರು ಕೂರುತ್ತಾರೆ? ಮೊದಲ ವಾರ ಅವರು ದಿನಕ್ಕೆ ಎರಡು ಸಲ ಫೋನ್ ಮಾಡಿದರು. ಎರಡನೇ ವಾರ ಒಂದು ಸಲ. ತಿಂಗಳು ಕಳೆಯುವಷ್ಟರಲ್ಲಿ ಡಬ್ಬಿ ಬಂದರೆ ಎಡಗೈಯಲ್ಲಿ ಟೀ ಲೋಟ ಹಿಡಿದು ಬಲಗೈಯಲ್ಲಿ ಓಕೆ ಒತ್ತುತ್ತಿದ್ದರು, ನೊಣ ಓಡಿಸಿದ ಹಾಗೆ.

ಯಾರು ನುಗ್ಗುತ್ತಿದ್ದಾರೆ ಅಂತ ತಿಳಿಯಬೇಕಾದರೆ ಡೀಟೇಲ್ಸ್ ಒತ್ತಬೇಕು. ಒತ್ತಿದರೆ ಡೀಟೇಲ್ಸ್ ಬರುವುದಿಲ್ಲ, ಆಂಟಿವೈರಸ್ಸಿನ ಮುಖ್ಯ ಕಿಟಕಿ ಬರುತ್ತದೆ. ಅಲ್ಲಿಂದ ಸೆಕ್ಯುರಿಟಿ, ಅಲ್ಲಿಂದ ರಿಪೋರ್ಟ್ಸ್, ಅಲ್ಲಿಂದ ನೆಟ್‌ವರ್ಕ್, ಆಮೇಲೆ ಆ ಸಾಲಿನ ಮೇಲೆ ಎರಡು ಸಲ ಕ್ಲಿಕ್. ಆಗ ಒಂದು ನಂಬರ್ ಕಾಣುತ್ತದೆ, 192.168.1.14, ಅಂದರೆ ನೆಟ್‌ವರ್ಕಿನಲ್ಲಿ ನುಗ್ಗಿದವನ ವಿಳಾಸ. ಅದು ನಮ್ಮ ಝೆರಾಕ್ಸ್ ಮಷೀನು. ನನಗೆ ಗೊತ್ತು, ಯಾಕೆಂದರೆ ಅದನ್ನು ನೆಟ್‌ವರ್ಕಿಗೆ ಸೇರಿಸಿದವನು ನಾನೇ. ಅಕ್ಕನಿಗೆ ಹೇಗೆ ಗೊತ್ತಾಗಬೇಕು?

ಸಿಟ್ಟು ಬರುವುದು ಇಲ್ಲೇ. ಇದೇ ಆಂಟಿವೈರಸ್ಸಿನಲ್ಲಿ ಇನ್ನೊಂದು ಸೌಲಭ್ಯ ಇದೆ, ನಿಮ್ಮ ವೈಫೈನಲ್ಲಿ ಯಾರ್ಯಾರು ಇದ್ದಾರೆ ಅಂತ ತೋರಿಸುವುದು. ಅದನ್ನು ತೆರೆದರೆ ಪ್ರಿಂಟರಿನ ಚಿತ್ರ ಹಾಕಿ, ಕಂಪನಿ ಹೆಸರು, ಮಾಡೆಲ್ ಸಮೇತ ತೋರಿಸುತ್ತದೆ. ಅಂದರೆ ಆ ಸಾಫ್ಟ್‌ವೇರಿಗೆ .14 ಅಂದರೆ ಪ್ರಿಂಟರ್ ಅಂತ ಚೆನ್ನಾಗಿ ಗೊತ್ತು. ಆದರೆ ಅಲರ್ಟು ಎಬ್ಬಿಸುವ ಭಾಗ ಹೋಗಿ ಅದನ್ನು ಕೇಳುವುದಿಲ್ಲ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ.

ಪ್ರಿಂಟರ್ ಯಾಕೆ ನುಗ್ಗುತ್ತಿತ್ತು ಅಂತ ಕೆದಕಿ ನೋಡಿದೆ. ಅದು ನುಗ್ಗುತ್ತಿರಲಿಲ್ಲ, ಪಾಪ, ಉತ್ತರ ಕೊಡುತ್ತಿತ್ತು. ನಮ್ಮ ಮಷೀನು ಪ್ರಿಂಟರಿಗೆ ಆಗಾಗ "ಪೇಪರ್ ಇದೆಯಾ, ಟೋನರ್ ಇದೆಯಾ" ಅಂತ ಕೇಳುತ್ತಿರುತ್ತದೆ. ಪ್ರತಿ ಸಲ ಕೇಳುವಾಗ ಒಂದೊಂದು ಹೊಸ ಬಾಗಿಲು ತೆರೆದು ಕೇಳುತ್ತದೆ, ಸ್ವಲ್ಪ ಹೊತ್ತು ಕಾದು ಮುಚ್ಚಿಕೊಳ್ಳುತ್ತದೆ. ಹಳೇ ಪ್ರಿಂಟರು, ನಿದ್ದೆಯಿಂದ ಎದ್ದು ನಿಧಾನವಾಗಿ ಉತ್ತರ ಕೊಡುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಒಂದರ ಹಿಂದೆ ಒಂದು ಐದಾರು ಮುಚ್ಚಿದ ಬಾಗಿಲು ತಟ್ಟಿದ ಹಾಗಾಗುತ್ತದೆ. ಗಾರ್ಡಿನ ಪಟ್ಟಿಯಲ್ಲಿ ಅದಕ್ಕೆ ಪೋರ್ಟ್ ಸ್ಕ್ಯಾನ್ ಅಂತ ಹೆಸರು. ರೂಟರಿನದ್ದೂ ಇದೇ ಕಥೆ, ಡಿಎನ್ಎಸ್ (ವೆಬ್‌ಸೈಟಿನ ಹೆಸರಿಗೆ ನಂಬರ್ ಹುಡುಕಿಕೊಡುವುದು) ಉತ್ತರ ತಡವಾದರೆ ಅದೂ ದಾಳಿಕೋರ. ಒಂದು ತಿಂಗಳ ಲಾಗ್ ತೆಗೆದು ನೋಡಿದೆ, ಮುನ್ನೂರಕ್ಕೂ ಜಾಸ್ತಿ ಸಾಲು, ಹೆಚ್ಚುಕಡಿಮೆ ಎಲ್ಲ ಪ್ರಿಂಟರು ಮತ್ತು ರೂಟರು. ಎರಡಕ್ಕೂ ಎಕ್ಸೆಪ್ಷನ್, ಅಂದರೆ ಇವರನ್ನು ತಡೆಯಬೇಡ ಅನ್ನುವ ರೂಲ್, ಹಾಕಿದ ಮೇಲೆ ನಿಂತಿತು, ಪ್ರಿಂಟರಿನದ್ದು ಒಂದು ಸಲ ವಿದ್ಯುತ್ ಹೋಗಿ ಬಂದಾಗ ಮತ್ತೆ ಶುರುವಾಯಿತು, ಯಾಕೆಂದರೆ ಅದರ ನಂಬರು ಬದಲಾಗಿತ್ತು. ಅದು ನನ್ನದೇ ತಪ್ಪು, ರೂಟರಿನಲ್ಲಿ ನಂಬರ್ ಕಟ್ಟಿಹಾಕಿರಲಿಲ್ಲ. ಆಮೇಲೆ ಕಟ್ಟಿಹಾಕಿದೆ.

ಆದರೆ ಎಕ್ಸೆಪ್ಷನ್ ಹಾಕುವ ಪರದೆ ಇದೆಯಲ್ಲ, ಅದನ್ನು ಬರೆದವರು ಒಂದು ದಿನ ಟ್ಯಾಕ್ಸ್ ಆಫೀಸಿನಲ್ಲಿ ಬಂದು ಕೂರಬೇಕು, ಅದೂ 20ನೇ ತಾರೀಕು. ತಿಂಗಳ ಜಿಎಸ್‌ಟಿ ರಿಟರ್ನ್, ಜಿಎಸ್‌ಟಿಆರ್-3ಬಿ, ಸಲ್ಲಿಸಲು ಕೊನೇ ದಿನ. ಗೊತ್ತಿರುವವರಿಗೆ ಬೇರೆ ಹೇಳಬೇಕಿಲ್ಲ.

ಆವತ್ತು ಸಂಜೆ ಐದೂವರೆ. ಒಂದು ಕಂಪನಿಯ ರಿಟರ್ನ್ ಸಲ್ಲಿಸಬೇಕು, ಡಿಜಿಟಲ್ ಸಹಿಯ ಟೋಕನ್ ಚುಚ್ಚಿದ್ದಾರೆ. ಸಹಿ ಹಾಕಲು ಎಮ್‌ಸೈನರ್ ಅನ್ನುವ ಸಣ್ಣ ಸಾಫ್ಟ್‌ವೇರ್ ಬೇಕು. ಅದು ನಮ್ಮ ಮಷೀನಿನಲ್ಲೇ ಒಂದು ಪುಟ್ಟ ಸರ್ವರಿನ ಹಾಗೆ ಕೂತು ಬ್ರೌಸರಿನ ಜೊತೆ ಮಾತಾಡುತ್ತದೆ. ಅಂದು ಮಧ್ಯಾಹ್ನ ಆಂಟಿವೈರಸ್ ಅಪ್‌ಡೇಟ್ ಆಗಿತ್ತು, ಗಾರ್ಡಿಗೆ ಈ ಮಾತುಕತೆ ಮೇಲೆ ಅನುಮಾನ ಬಂದು ತಡೆದುಬಿಟ್ಟಿದೆ. ಸ್ಕ್ರೀನಿನಲ್ಲಿ ಬರುವುದು "ಸರ್ವರಿಗೆ ಕನೆಕ್ಟ್ ಆಗುತ್ತಿಲ್ಲ, ಎಮ್‌ಸೈನರ್ ರೀಸ್ಟಾರ್ಟ್ ಮಾಡಿ" ಅನ್ನುವ ಅರ್ಥದ ಮಾತು. ಮಾಡಿದರು. ಮತ್ತೆ ಮಾಡಿದರು. ಪೋರ್ಟಲ್ಲಿಗೆ ಬೈದರು, ಪಾಪ ಅದರದ್ದೇನೂ ತಪ್ಪಿರಲಿಲ್ಲ. ಕೆಂಪು ಡಬ್ಬಿ ಬಂದು ಹೋಗಿತ್ತು, ಆದರೆ ಅದನ್ನು ನೋಡುವುದನ್ನೇ ಎಲ್ಲರೂ ಬಿಟ್ಟಿದ್ದರಲ್ಲ.

ಕೊನೆಗೆ ಆಫೀಸಿನ ಹುಡುಗ ಬುದ್ಧಿ ಓಡಿಸಿ ಗಡಿಯಾರದ ಪಕ್ಕದ ಚಿಹ್ನೆಯ ಮೇಲೆ ರೈಟ್ ಕ್ಲಿಕ್ ಮಾಡಿದ. ಅಲ್ಲಿ ಮೊದಲ ಸಾಲಿನಲ್ಲೇ ಇದೆ, ಪ್ರೊಟೆಕ್ಷನ್ ಆಫ್ ಮಾಡಿ. 15 ನಿಮಿಷ, 1 ಗಂಟೆ, ರೀಸ್ಟಾರ್ಟ್ ಆಗುವವರೆಗೆ, ಶಾಶ್ವತವಾಗಿ. ಅವನು ಮೂರನೆಯದು ಒತ್ತಿದ. ಸಹಿ ಆಯಿತು, ರಿಟರ್ನ್ ಹೋಯಿತು, ಎಲ್ಲರೂ ಮನೆಗೆ ಹೋದರು. ಆ ಮಷೀನು ರೀಸ್ಟಾರ್ಟ್ ಆಗುವುದೇ ಇಲ್ಲ, ಸಂಜೆ ಮಲಗಿಸುವುದು, ಬೆಳಗ್ಗೆ ಎಬ್ಬಿಸುವುದು. ಐದು ದಿನ ಬಿಟ್ಟು ನಾನು ಬೇರೆ ಕೆಲಸಕ್ಕೆ ಹೋದಾಗ ನೋಡುತ್ತೇನೆ, ಚಿಹ್ನೆ ಬೂದು ಬಣ್ಣಕ್ಕೆ ತಿರುಗಿದೆ. ಪ್ರಿಂಟರ್ ಕೆಮ್ಮಿದರೆ ಕೆಂಪು ಡಬ್ಬಿ ಎಬ್ಬಿಸುವ ಸಾಫ್ಟ್‌ವೇರು, ತಾನೇ ಐದು ದಿನ ಮಲಗಿದ್ದಾಗ ಒಂದು ಮಾತೂ ಹೇಳಿಲ್ಲ!

ಹುಡುಗನಿಗೆ ಬೈಯಲಿಲ್ಲ. ಎಲ್ಲ ಆಫ್ ಮಾಡಲು ಎರಡು ಕ್ಲಿಕ್ ಸಾಕು. ಒಂದು ಎಮ್‌ಸೈನರಿಗೆ ಮಾತ್ರ ದಾರಿ ಬಿಡಬೇಕಾದರೆ ನಾಲ್ಕು ಪರದೆ ದಾಟಿ ಒಂದು ರೂಲ್ ಬರೆಯಬೇಕು, ಪ್ರೊಟೋಕಾಲ್ ಯಾವುದು, ಒಳಗೋ ಹೊರಗೋ, ಈ ಕಡೆಯ ಪೋರ್ಟ್, ಆ ಕಡೆಯ ಪೋರ್ಟ್. ನನಗೇ ಎರಡು ಸಲ ನೋಡಬೇಕಾಯಿತು. ಸರಿಯಾದ ಕೆಲಸ ಕಷ್ಟ, ತಪ್ಪು ಕೆಲಸ ಸಲೀಸು ಅಂತ ಮಾಡಿಟ್ಟರೆ 20ನೇ ತಾರೀಕು ಸಂಜೆ ಜನ ಯಾವುದು ಮಾಡುತ್ತಾರೆ? ಡಬ್ಬಿಯಲ್ಲೇ ಒಂದು ಬಟನ್ ಇಟ್ಟು "ಎಮ್‌ಸೈನರಿಗೆ ಬಿಡಲಾ?" ಅಂತ ಕೇಳಿದ್ದರೆ ಮುಗಿಯುತ್ತಿತ್ತು.

ಕೇಳುವ ಡಬ್ಬಿಯೂ ಒಂದಿದೆ, ಅದರದ್ದು ಬೇರೆ ಗೋಳು. ಇದು ನೆಟ್‌ವರ್ಕಿನದ್ದಲ್ಲ, ಮಷೀನಿನ ಒಳಗೆ ಪ್ರೋಗ್ರಾಂಗಳ ನಡತೆ ನೋಡುವ ಭಾಗ. ನುಡಿ ಥರದ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಏನು ಮಾಡುತ್ತದೆ? ನೀವು ಒತ್ತಿದ ಕೀಲಿಯನ್ನು ಮಧ್ಯದಲ್ಲೇ ಹಿಡಿದು ಕನ್ನಡ ಅಕ್ಷರ ಮಾಡಿ ಕೊಡುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಒತ್ತಿದ ಕೀಲಿಯನ್ನು ಮಧ್ಯದಲ್ಲೇ ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಹಾಗಾಗಿ ಆಂಟಿವೈರಸ್ಸು ಕೇಳಿತು, "ಒಂದು ಪ್ರೋಗ್ರಾಂ ಕೀಬೋರ್ಡನ್ನು ಗಮನಿಸುತ್ತಿದೆ, ಅಲೋ ಅಥವಾ ಬ್ಲಾಕ್?" ಇದನ್ನು ಓದಿದ ಯಾವ ಮನುಷ್ಯ ಅಲೋ ಒತ್ತುತ್ತಾನೆ? ಅಕ್ಕ ಬ್ಲಾಕ್ ಒತ್ತಿದರು. ಅರ್ಜಿ ಟೈಪ್ ಮಾಡಲು ಹೋದರೆ ಬರೀ ಇಂಗ್ಲಿಷ್ ಅಕ್ಷರ. "ನುಡಿ ಹಾಳಾಗಿದೆ ಸಾರ್" ಅಂತ ಫೋನು. ಕೇಳಿದ್ದು ಸರಿ, ಆದರೆ ಕೇಳುವಾಗ ಪ್ರೋಗ್ರಾಮಿನ ಹೆಸರು ದೊಡ್ಡದಾಗಿ, ಅದು ಎಷ್ಟು ದಿನದಿಂದ ಈ ಮಷೀನಿನಲ್ಲಿದೆ ಅನ್ನುವುದು ಪಕ್ಕದಲ್ಲಿ ಇದ್ದಿದ್ದರೆ ಅಕ್ಕ ತಪ್ಪು ಮಾಡುತ್ತಿರಲಿಲ್ಲ. ಹೆಸರು ಇತ್ತು, ಫೈಲಿನ ವಿಳಾಸದ ಕೊನೆಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ.

ಇಷ್ಟು ಹೊತ್ತು ಬೈದೆ. ಈಗ ಹೊಗಳುವ ಕಥೆ, ಆದರೆ ಅದರಲ್ಲೂ ಒಂದು ಮುಳ್ಳಿದೆ.

ಪ್ರಿಂಟರ್ ರಗಳೆ ಆದಾಗ ಅಕ್ಕನಿಗೆ ಒಂದು ಮಾತು ಹೇಳಿಕೊಟ್ಟಿದ್ದೆ. ಡೀಟೇಲ್ಸಿನಲ್ಲಿ 192.168 ಅಂತ ಶುರುವಾದರೆ ಅದು ನಮ್ಮ ಆಫೀಸಿನ ಒಳಗಿನದ್ದೇ, ಗಾಬರಿ ಬೇಡ, ಬಿಡುವಾದಾಗ ಹೇಳಿ ಸಾಕು. ಬೇರೆ ನಂಬರ್ ಬಂದರೆ ಮಾತ್ರ ತಕ್ಷಣ ಫೋನ್ ಮಾಡಿ. ಅವರು ಒಂದು ಲಾಂಗ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಯಲು ಶುರು ಮಾಡಿದರು. ದಿನ, ಟೈಮು, ನಂಬರು. ಲೆಕ್ಕದವರ ಅಭ್ಯಾಸ.

ಒಂದು ಬೆಳಗ್ಗೆ ಮೊಬೈಲಿಗೆ ಫೋಟೋ ಬಂತು. ಕೆಳಗೆ ಒಂದೇ ಸಾಲು: "ಸಾರ್ ಇದು 192 ಅಲ್ಲ." ಹೋಗಿ ಲಾಗ್ ತೆಗೆದೆ. ಟ್ಯಾಲಿ ಇರುವ ಮಷೀನು. ಹೊರಗಿನ ವಿಳಾಸಗಳಿಂದ 3389ನೇ ಪೋರ್ಟಿಗೆ ಒಂದರ ಮೇಲೊಂದು ಲಾಗಿನ್ ಪ್ರಯತ್ನ. 3389 ಅಂದರೆ ರಿಮೋಟ್ ಡೆಸ್ಕ್‌ಟಾಪ್, ದೂರದಿಂದ ಮಷೀನು ನಡೆಸುವ ಬಾಗಿಲು. ವಿಂಡೋಸಿನ ಈವೆಂಟ್ ವ್ಯೂವರ್ ತೆರೆದರೆ ಅಲ್ಲಿಯೂ 4625 ಅನ್ನುವ ನಂಬರಿನ ದಾಖಲೆಗಳ ಸಾಲು, ಅಂದರೆ ಲಾಗಿನ್ ಫೇಲ್. ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಯೂಸರ್, ಟೆಸ್ಟ್, ಒಂದೊಂದೇ ಹೆಸರು ಹಾಕಿ ನೋಡಿದ್ದಾರೆ. ಕೈಯಲ್ಲಿ ಯಾರೂ ಒತ್ತುತ್ತಿಲ್ಲ, ಇದೆಲ್ಲ ಪ್ರೋಗ್ರಾಮಿನ ಕೆಲಸ. ಇಂಟರ್‌ನೆಟ್ಟಿಗೆ ತೆರೆದಿಟ್ಟ 3389 ಎಲ್ಲಿ ಸಿಕ್ಕಿದರೂ ಹೀಗೆ ತಟ್ಟುತ್ತಲೇ ಇರುತ್ತವೆ. ಒಳಗೆ ಬಂದರೆ ಎಲ್ಲ ಫೈಲಿಗೂ ಬೀಗ ಹಾಕಿ ದುಡ್ಡು ಕೇಳುವವರಿಗೆ ಇದು ಇಷ್ಟವಾದ ಬಾಗಿಲು.

ಬಾಗಿಲು ತೆರೆದವರು ಯಾರು? 2020ರ ಲಾಕ್‌ಡೌನಿನಲ್ಲಿ ಭಾವ ಮನೆಯಿಂದ ಟ್ಯಾಲಿ ನೋಡಬೇಕು ಅಂತ ಯಾರೋ ಬಂದು ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್, ಅಂದರೆ ಹೊರಗಿನಿಂದ ಸೀದಾ ಆ ಮಷೀನಿಗೆ ದಾರಿ, ಮಾಡಿಕೊಟ್ಟು ಹೋಗಿದ್ದರು. ಆಗ ಈ ಆಫೀಸು ನನ್ನ ಕೈಯಲ್ಲಿರಲಿಲ್ಲ. ಕೈಗೆ ಬಂದ ಮೇಲೆ ರೂಟರಿನ ಆ ಪುಟ ನಾನು ನೋಡಿರಲಿಲ್ಲ, ಅದು ಮಾತ್ರ ನನ್ನ ತಪ್ಪೇ.

ಆಂಟಿವೈರಸ್ಸು ಇಲ್ಲಿ ತನ್ನ ಕೆಲಸ ಮಾಡಿತ್ತು. ಒಂದು ವಿಳಾಸದಿಂದ ಕೆಲವು ಸಲ ತಪ್ಪು ಪಾಸ್‌ವರ್ಡ್ ಬಂದ ತಕ್ಷಣ ಆ ವಿಳಾಸವನ್ನೇ ಸ್ವಲ್ಪ ಹೊತ್ತು ತಡೆಯುತ್ತದೆ. ಆಗ ಅವರು ಬೇರೆ ವಿಳಾಸದಿಂದ ಬರುತ್ತಾರೆ, ಅದನ್ನೂ ತಡೆಯುತ್ತದೆ. ಲಾಗ್ ಹಿಂದಕ್ಕೆ ಓದುತ್ತಾ ಹೋದೆ. ನಾಲ್ಕು ವಾರದಿಂದ ಇದೇ ನಡೆದಿದೆ! ರಾತ್ರಿ ಜಾಸ್ತಿ, ಆಫೀಸಿನಲ್ಲಿ ಯಾರೂ ಇಲ್ಲದಾಗ. ನಾಲ್ಕು ವಾರ ಇದು ಒಬ್ಬನೇ ನಿಂತು ತಡೆದಿದೆ ಅಂದರೆ ಮೆಚ್ಚಲೇಬೇಕು.

ಆದರೆ ಆ ಡಬ್ಬಿ? ಪ್ರಿಂಟರಿಗೆ ಬಂದ ಅದೇ ಕೆಂಪು, ಅದೇ ದಪ್ಪಕ್ಷರ, ಅದೇ ಏಳೆಂಟು ಸೆಕೆಂಡ್. ಕೆಳಗೆ ಅದೇ "ನೋ ಆ್ಯಕ್ಷನ್ ರಿಕ್ವೈರ್ಡ್". ಮಾಡಬೇಕಾದದ್ದು ಇತ್ತಲ್ಲ ಮಾರಾಯರೇ! ರೂಟರಿನ ಬಾಗಿಲು ಮುಚ್ಚಬೇಕಿತ್ತು. ನಾನು ಅದನ್ನು ಮುಚ್ಚಲು ತೆಗೆದುಕೊಂಡದ್ದು ಎರಡು ನಿಮಿಷ. ಮುಚ್ಚಿದ ಮೇಲೆ ಒಂದೂ ಅಲರ್ಟ್ ಇಲ್ಲ. ಈಗ ಭಾವ ಮನೆಯಿಂದ ನೋಡಬೇಕಾದರೆ ವಿಪಿಎನ್ ಅನ್ನುವ ಬೀಗ ಹಾಕಿದ ಖಾಸಗಿ ದಾರಿಯ ಮೂಲಕ ಬರುತ್ತಾರೆ, ಎರಡು ಕ್ಲಿಕ್ ಜಾಸ್ತಿ ಆಯಿತು ಅಂತ ಗೊಣಗುತ್ತಾರೆ, ಗೊಣಗಲಿ. ತಡೆದಾಯಿತು ಅನ್ನುವುದೂ ಏನೂ ಮಾಡಬೇಕಿಲ್ಲ ಅನ್ನುವುದೂ ಒಂದೇ ಅಂತ ಈ ಸಾಫ್ಟ್‌ವೇರ್ ಅಂದುಕೊಂಡಿದೆ. ಹೊರಗಿನವನು ನಮ್ಮ ಬಾಗಿಲವರೆಗೆ ಹೇಗೆ ಬಂದ ಅಂತ ಅದು ಯೋಚಿಸುವುದೇ ಇಲ್ಲ, ನಮಗೆ ಯೋಚಿಸಲು ಹೇಳುವುದೂ ಇಲ್ಲ.

ಇದು ಸಣ್ಣ ಆಫೀಸಿನ ಸಮಸ್ಯೆ ಅಷ್ಟೇ ಅಂದುಕೊಳ್ಳಬೇಡಿ. 2013ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳವಾಯಿತಲ್ಲ, ಅಲ್ಲೂ ಎಚ್ಚರಿಕೆ ಬಂದಿತ್ತು. ಆಮೇಲೆ ಬಂದ ವರದಿಗಳ ಪ್ರಕಾರ ಅದನ್ನು ಮೊದಲು ನೋಡಿದ್ದು ನಮ್ಮ ಬೆಂಗಳೂರಿನಲ್ಲಿದ್ದ ಅವರದೇ ತಂಡ. ನವೆಂಬರ್ 30ರಂದು ನೋಡಿ, ಮಿನಿಯಾಪೊಲಿಸ್‌ನ ಮುಖ್ಯ ಕಚೇರಿಗೆ ತಿಳಿಸಿದರು. ಅಲ್ಲಿ ಯಾರೂ ಕದಲಲಿಲ್ಲ. ಆ ಎಚ್ಚರಿಕೆಯಲ್ಲಿ ಇದ್ದ ಹೆಸರು "ಮಾಲ್‌ವೇರ್ ಬೈನರಿ" ಅಂತ. ಅಂದರೆ "ಏನೋ ಕೆಟ್ಟದ್ದು" ಅಂದ ಹಾಗೆ. ಸಿಕ್ಕಿದ್ದನ್ನು ತಾನೇ ಅಳಿಸುವ ಸೌಲಭ್ಯವೂ ಎಚ್ಚರಿಕೆ ಕೊಟ್ಟ ಉಪಕರಣದಲ್ಲಿತ್ತು, ಅದನ್ನು ಆಫ್ ಮಾಡಿಟ್ಟಿದ್ದರು. ದಿನಕ್ಕೆ ನೂರಾರು ಎಚ್ಚರಿಕೆ ನೋಡುವ ಪರಿಣತರೇ ಹೀಗೆ ತಪ್ಪಿದರೆ ಟೀ ಲೋಟ ಹಿಡಿದ ಅಕ್ಕನನ್ನು ಏನಂತ ಕೇಳುವುದು?

ಇನ್ನೊಂದು ಸಣ್ಣ ಕಿರಿಕಿರಿ ಹೇಳಿ ಮುಂದೆ ಹೋಗುತ್ತೇನೆ. ಅದೇ ಮೂಲೆಯಲ್ಲಿ, ಅದೇ ಆಕಾರದ ಡಬ್ಬಿಯಲ್ಲಿ ಜಾಹೀರಾತೂ ಬರುತ್ತದೆ. ನಿಮ್ಮ ಮಷೀನು ಸ್ಲೋ ಆಗಿದೆ, ಟ್ಯೂನ್ಅಪ್ ಕೊಳ್ಳಿ. ನಿಮ್ಮ ವಿಳಾಸ ಎಲ್ಲರಿಗೂ ಕಾಣುತ್ತಿದೆ, ವಿಪಿಎನ್ ಕೊಳ್ಳಿ. ಬಣ್ಣ ಸ್ವಲ್ಪ ಬೇರೆ, ಅಷ್ಟೇ. ಮೇಲಿಂದ ಕ್ರೋಮಿನಲ್ಲಿ ಯಾವುದೋ ಸೈಟಿಗೆ ನೋಟಿಫಿಕೇಶನ್ ಅಲೋ ಕೊಟ್ಟಿದ್ದರೆ ಅವರೂ ಅದೇ ಮೂಲೆಗೆ ಬಂದು "ನಿಮ್ಮ ಪಿಸಿಯಲ್ಲಿ 5 ವೈರಸ್ ಇದೆ" ಅನ್ನುತ್ತಾರೆ. ಯಾವುದು ನಿಜ, ಯಾವುದು ಮೋಸ, ಯಾವುದು ವ್ಯಾಪಾರ? ಅಕ್ಕ ಒಂದು ಸಲ ಕ್ರೋಮಿನ ಮೋಸದ ಡಬ್ಬಿ ನೋಡಿ ಫೋನ್ ಮಾಡಿದ್ದರು, ಅದು ನಿಜದ್ದಕ್ಕಿಂತ ಚೆನ್ನಾಗಿ ಅರ್ಥ ಆಗುತ್ತಿತ್ತಂತೆ. ಪ್ರಮೋಷನ್ ಡಬ್ಬಿ ಆಫ್ ಮಾಡುವ ಸೆಟ್ಟಿಂಗ್ ಇದೆ, ಪ್ರೈವೆಸಿ ಅನ್ನುವ ತಲೆಬರಹದ ಕೆಳಗೆ. ಅಲ್ಲಿ ಯಾಕೆ ಇಟ್ಟರೋ.

ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಸಾಕಲ್ವಾ ಅಂತ ಭಾವ ಕೇಳಿದರು. ಒಂದು ಭಾನುವಾರ ಕೂತು ನೋಡಿದೆ. ಒಂದು ಮಷೀನಿನಲ್ಲಿ ಪೇಯ್ಡ್ ತೆಗೆದು ಡಿಫೆಂಡರ್ ಮಾತ್ರ ಬಿಟ್ಟೆ, ಇನ್ನೊಂದರಲ್ಲಿ ಪೇಯ್ಡ್ ಇಟ್ಟೆ, ನನ್ನ ಲ್ಯಾಪ್‌ಟಾಪಿನಿಂದ ಎನ್‌ಮ್ಯಾಪ್ (ಯಾವ ಪೋರ್ಟ್ ತೆರೆದಿದೆ ಅಂತ ಹುಡುಕುವ ಸಾಫ್ಟ್‌ವೇರ್) ಹಾಕಿ ಎರಡನ್ನೂ ತಟ್ಟಿದೆ. ಪೇಯ್ಡ್ ಕೆಲವೇ ಸೆಕೆಂಡಿನಲ್ಲಿ ಕೂಗಿತು, ನನ್ನ ಲ್ಯಾಪ್‌ಟಾಪನ್ನು ತಡೆಯಿತು. ಡಿಫೆಂಡರ್ ಕಮಕ್ ಕಿಮಕ್ ಅನ್ನಲಿಲ್ಲ. ಹಾಗಂತ ಅದಕ್ಕೆ ಈ ಬುದ್ಧಿ ಇಲ್ಲವೇ ಇಲ್ಲ ಅಂತಲ್ಲ, ಟಾಸ್ಕ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ರಿಯಲ್‌ಟೈಮ್ ಇನ್‌ಸ್ಪೆಕ್ಷನ್ ಸರ್ವೀಸ್ ಅಂತ ಒಂದು ಕೂತಿರುತ್ತದೆ, ಗೊತ್ತಿರುವ ತೂತುಗಳ ಮೇಲಿನ ದಾಳಿ ನೋಡುವುದು ಅದರ ಕೆಲಸ. ಸುಮ್ನೆ ಕೆಲಸ ಮಾಡುತ್ತದೆ, ಮಾತಾಡುವುದಿಲ್ಲ. ಆಮೇಲೆ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿ ಬೇಕಂತಲೇ ತಪ್ಪು ಪಾಸ್‌ವರ್ಡ್ ಹೊಡೆದೆ. ಹೊಸದಾಗಿ ಹಾಕಿದ ವಿಂಡೋಸ್ 11 ಹತ್ತು ಸಲ ತಪ್ಪಾದ ಮೇಲೆ ಅಕೌಂಟಿಗೇ ಹತ್ತು ನಿಮಿಷ ಬೀಗ ಹಾಕಿತು. 22ಎಚ್2 ಆವೃತ್ತಿಯಿಂದ ಇದು ತಾನಾಗಿಯೇ ಆನ್ ಇರುತ್ತದೆ. ಅಷ್ಟರಮಟ್ಟಿಗೆ ಮೈಕ್ರೋಸಾಫ್ಟೇ ಬಾಗಿಲಿಗೆ ಚಿಲಕ ಹಾಕಿದೆ.

ಹಾಗಾಗಿ ನನ್ನ ತೀರ್ಮಾನ ಒಂದೇ ಸಾಲಿನಲ್ಲಿ ಇಲ್ಲ. ಭಾವನ ಆಫೀಸಿನ ಐದರಲ್ಲಿ ಎರಡು ಇನ್ನೂ ವಿಂಡೋಸ್ 10. ಅದರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಮಷೀನು ಬದಲಿಸುವವರೆಗೆ ಆ ಎರಡಕ್ಕೂ, ಆಮೇಲೆ ಟ್ಯಾಲಿ ಇರುವ ಮಷೀನಿಗೂ ಗಾರ್ಡು ಬೇಕು, ರಿನ್ಯೂ ಮಾಡಿಸಿ ಅಂದೆ. ಉಳಿದ ಎರಡಕ್ಕೆ ಡಿಫೆಂಡರ್ ಸಾಕು. ಐದರ ಪ್ಯಾಕ್ ಬದಲು ಮೂರರದ್ದು. ತಡೆಯುವ ಕೆಲಸಕ್ಕೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಹೇಳುವ ಕೆಲಸಕ್ಕೆ ಒಂದು, ಅದೂ ಡೀಟೇಲ್ಸಿನಲ್ಲಿ ಕೊನೆಗಾದರೂ ನಂಬರ್ ಸಿಗುತ್ತದಲ್ಲ ಅಂತ.

ನೀವೂ ಇಂಥದ್ದು ಬಳಸುತ್ತಿದ್ದರೆ ನಾನು ಮಾಡಿಕೊಂಡದ್ದು ಹೇಳುತ್ತೇನೆ. ಪ್ರಿಂಟರಿಗೂ ರೂಟರಿಗೂ ಖಾಯಂ ನಂಬರ್ ಕೊಟ್ಟು ಅವೆರಡನ್ನು ಪೋರ್ಟ್ ಸ್ಕ್ಯಾನ್ ಲೆಕ್ಕದಿಂದ ಮಾತ್ರ ಹೊರಗಿಟ್ಟೆ, ಪೂರ್ತಿ ನಂಬಿಕೆ ಕೊಡಲಿಲ್ಲ. ಹಳೇ ಸ್ಕ್ಯಾನರ್ ಫೋಲ್ಡರಿಗೆ ಕಳಿಸುವುದಿಲ್ಲ ಅಂತ ಯಾರಾದರೂ ಎಸ್ಎಂಬಿ1 (ವಿಂಡೋಸಿನ ಹಳೇ ಫೈಲ್ ಶೇರಿಂಗ್) ಆನ್ ಮಾಡಲು ಹೇಳಿದರೆ ಮಾಡಬೇಡಿ, ವನ್ನಾಕ್ರೈ ಬಂದದ್ದು ಅದೇ ದಾರಿಯಲ್ಲಿ, ಪೆನ್‌ಡ್ರೈವಿಗೆ ಸ್ಕ್ಯಾನ್ ಮಾಡಿಕೊಂಡರೂ ಪರವಾಗಿಲ್ಲ. ಎಮ್‌ಸೈನರಿಗೆ ರೂಲ್ ಬರೆದಿಟ್ಟೆ, 20ಕ್ಕೆ ಕಾಯದೆ. ಆಫ್ ಮಾಡುವ ಮೆನುಗೆ ಪಾಸ್‌ವರ್ಡ್ ಹಾಕಿದೆ, ಅದು ಹುಡುಗನಿಗೆ ಇಷ್ಟವಾಗಿಲ್ಲ. ಡಬ್ಬಿ ತಾನೇ ಹೋಗುವ ಹೊತ್ತನ್ನು ಒಂದು ನಿಮಿಷಕ್ಕೆ ಏರಿಸಿದೆ.

ಕಂಪನಿಯವರಿಗೆ ಒಂದು ಮೇಲ್ ಕೂಡ ಬರೆದೆ. ಡಬ್ಬಿಯಲ್ಲಿ ಏನಿರಬೇಕು ಅಂತ ನನಗೆ ತೋಚಿದ ಹಾಗೆ ಎರಡು ಮಾದರಿ ಕನ್ನಡದಲ್ಲೇ ಬರೆದು, ಕೆಳಗೆ ಇಂಗ್ಲಿಷ್ ಹಾಕಿ ಕಳಿಸಿದೆ. ಒಂದು ಹೀಗಿತ್ತು: "ಆಫೀಸಿನ ಪ್ರಿಂಟರ್ ಈ ಮಷೀನಿನ ಮುಚ್ಚಿದ ಬಾಗಿಲು ತಟ್ಟಿತು. ಪ್ರಿಂಟರುಗಳು ಹೀಗೆ ಮಾಡುವುದುಂಟು. ದಿನಾ ಬಂದರೆ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ತಿಳಿಸಿ." ಇನ್ನೊಂದು ಹೀಗೆ: "ಹೊರಗಿನಿಂದ ಯಾರೋ ಈ ಮಷೀನಿಗೆ ಲಾಗಿನ್ ಆಗಲು ನೋಡುತ್ತಿದ್ದಾರೆ. ನಿನ್ನೆಯೂ ನೋಡಿದ್ದರು. ಸದ್ಯಕ್ಕೆ ತಡೆದಿದ್ದೇವೆ. ನಿಮ್ಮ ರೂಟರಿನಲ್ಲಿ ಒಂದು ಬಾಗಿಲು ತೆರೆದಿರಬೇಕು, ಇಂದೇ ಮುಚ್ಚಿಸಿ." ಉತ್ತರ ಬಂತು. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ಜೊತೆಗೆ ರಿನ್ಯೂವಲ್ಲಿಗೆ ರಿಯಾಯಿತಿ ಕೂಪನ್.

ಕೂಪನ್ ಬಳಸಿಕೊಂಡೆ, ಬಿಡುವುದು ಯಾಕೆ. ಹೋದ ವಾರ ಮೂರು ಮಷೀನಿಗೆ ಕೀ ಹಾಕಲು ಹೋದಾಗ ಅಕ್ಕನ ಲಾಂಗ್‌ಬುಕ್ಕು ಟೇಬಲ್ಲಿನ ಮೇಲಿತ್ತು. ಹಿಂದಿನ ಪುಟ ತುಂಬಿ ಅದರ ಮುಂಚಿನ ಪುಟಕ್ಕೆ ಬಂದಿದೆ. ಗೆರೆ ಹೊಡೆದು ನಾಲ್ಕು ಕಾಲಂ ಮಾಡಿದ್ದಾರೆ, ನಾಲ್ಕನೆಯದು ನಾನು ಹೇಳಿಕೊಟ್ಟದ್ದಲ್ಲ, ಅವರೇ ಸೇರಿಸಿದ್ದು, ತಲೆಬರಹ "ಯಾರು". ಕೊನೆಯ ಸಾಲು: ಮಂಗಳವಾರ, 4.10, 192.168.1.31, ಭಾವನ ಮಗನ ಹೊಸ ಮೊಬೈಲು.